ಪೂರ್ತಿ ಕೇಳಿದವರು ಕೈ ಎತ್ತಬೇಕು

ಯಮನೂರನಿಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದವರು ಅವನೇ ದೊಡ್ಡ ಹಾಡುಗಾರನೆಂದು ತಿಳಿದುಕೊಂಡಾರು. ಮೇಲಿನ ಸ್ವರಕ್ಕೆ ಹೋದರೆ ಅವನ ಗಂಟಲು ಒಡೆಯುತ್ತದೆ, ಕೆಳಗಿಳಿದರೆ ಗೊಗ್ಗರಾಗುತ್ತದೆ, ನಡುವೆ ಇರುವಾಗ ಮೂಗಿನಿಂದ ಹಾಡುತ್ತಾನೆ. ಅವನು ಗಿಟಾರಿಗೆ ಶ್ರುತಿ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಆ ಗಿಟಾರಿನ ಸುತ್ತ ಬಣ್ಣದ ಬಲ್ಬು ಹಚ್ಚಿದ್ದಾನೆ. ಮೈಮೇಲೆ ಚೂರು ಕನ್ನಡಿ ಹೊಲಿದ ಕೋಟು, ಕಾಲಿಗೆ ಬೆಳ್ಳಿಬಣ್ಣ ಬಳಿದ ಗಮ್‌ಬೂಟು. ಹಗಲೆಲ್ಲ ಲಾರಿಗಳಿಗೆ ಬಣ್ಣ ಹೊಡೆಯುವವನು ಸಂಜೆ ತನಗೇ ಬಣ್ಣ ಹೊಡೆದುಕೊಂಡು ಹಳೆಯ ಹತ್ತಿ ಮಿಲ್ಲಿನ ಅಂಗಳದಲ್ಲಿ ನಿಂತನೆಂದರೆ ಊರಿಗೆ ಊರೇ ಬಾಯಿ ತೆರೆದುಕೊಂಡು ನೋಡುತ್ತದೆ. ನಾನೂ ನೋಡಿದ್ದೇನೆ, ಕಂಪೌಂಡಿನ ಹೊರಗೆ ನಿಂತು.

ನಮ್ಮೂರಲ್ಲಿ ಹಾಡು ಸವೆಯುತ್ತದೆ. ಹಾಡಿದಷ್ಟೂ ಸವೆದು ಒಂದು ದಿನ ಮುಗಿಯುತ್ತದೆ. ಮುಗಿದ ಹಾಡಿಗೆ ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ. ತಂತಿ ಮೀಟಿದರೆ ತಂತಿ ಅಲುಗುತ್ತದೆಯೇ ಹೊರತು ಸದ್ದಾಗುವುದಿಲ್ಲ. ಮಾತುಗಳು ಉಳಿಯುತ್ತವೆ. ಧಾಟಿ ಮಾತ್ರ ಕೇಳಿದವರ ನೆನಪಿನಿಂದಲೂ ಹೊರಟುಹೋಗುತ್ತದೆ. ಯಾವ ಹಾಡು ಎಷ್ಟು ಕಾಲ ಬಾಳೀತು ಎಂದು ಯಾರೂ ಹೇಳಲಾರರು. ಮುತ್ತಜ್ಜಿಯರ ಕಾಲದ ಬೀಸುಕಲ್ಲಿನ ಪದವೊಂದು ಕುಂಬಾರ ಓಣಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಹೋದ ಸಲದ ಚುನಾವಣೆಯ ಹಾಡು ಮತದಾನಕ್ಕೆ ಮೊದಲೇ ತೀರಿ, ಹಾಡಿಸಿದ ಅಭ್ಯರ್ಥಿಯೂ ಸೋತ. ಹೀಗಾಗಿ ನಮ್ಮ ಜನ ಜೋಪಾನ ಕಲಿತಿದ್ದಾರೆ. ತಾಯಂದಿರು ಜೋಗುಳದ ಮೊದಲ ಸಾಲು ಹಾಡಿ ಉಳಿದದ್ದನ್ನು ಮಾತಿನಲ್ಲಿ ಹೇಳಿ ಮಲಗಿಸುತ್ತಾರೆ. ಶಾಲೆಯ ಪ್ರಾರ್ಥನೆಗೆ ಮಕ್ಕಳು ಸೋಮವಾರ ಮಾತ್ರ ದನಿ ಕೊಟ್ಟು, ಉಳಿದ ದಿನ ತುಟಿಯಷ್ಟೇ ಆಡಿಸುತ್ತಾರೆ. ಬಚ್ಚಲಲ್ಲಿ ಯಾರಾದರೂ ಗುನುಗಿದರೆ ಹಿರಿಯರು ಹೊರಗಿನಿಂದ ಬಾಗಿಲು ಬಡಿಯುತ್ತಾರೆ.

ಇಂಥ ಊರಲ್ಲಿ ರಾಕ್ ಬ್ಯಾಂಡ್ ಕಟ್ಟುವುದು ಹುಡುಗಾಟವಲ್ಲ. ನಮ್ಮ ಬ್ಯಾಂಡಿನ ಹೆಸರು ಅಂತರಾಳ. ಗಿಟಾರು ಮತ್ತು ಹಾಡುಗಾರಿಕೆ ನನ್ನದು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಬಾಸ್ ಗಿಟಾರು ವಾಮನಮೂರ್ತಿಯದು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಡ್ರಮ್ಸ್ ನನ್ನ ಹೆಂಡತಿ ಇಂದುಮತಿಯದು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುತ್ತಾಳೆ, ತೋಳಿನಲ್ಲಿ ಕಸುವಿದೆ. ನಾವು ಮೂವರೂ ಕಪ್ಪು ಅಂಗಿ ಹಾಕುತ್ತೇವೆ. ಕುಣಿಯುವುದಿಲ್ಲ. ಪ್ರತಿ ಹಾಡಿಗೆ ಮೊದಲು ವಾಮನಮೂರ್ತಿ ಅದು ಯಾವುದರ ಕುರಿತು ಎಂದು ಸ್ವಲ್ಪ ಹೊತ್ತು ವಿವರಿಸುತ್ತಾನೆ. ಮನುಷ್ಯನ ಒಂಟಿತನ, ಬತ್ತಿದ ಬಾವಿ, ಸಾವಿನ ನಂತರದ ಮೌನ, ಹೀಗೆ. ಒನ್ಸ್ ಮೋರ್ ಎಂದು ಯಾರೂ ಕೂಗಬಾರದೆಂದು ಗೋಡೆಯ ಮೇಲೆ ಬರೆಸಿದ್ದೇವೆ. ಇಷ್ಟರವರೆಗೆ ಯಾರೂ ಕೂಗಿಲ್ಲ. ನಮ್ಮ ಕಾರ್ಯಕ್ರಮಕ್ಕೆ ಬರುವವರು ಕಡಿಮೆ, ಬಂದವರು ಮಾತ್ರ ಕೊನೆಯವರೆಗೆ ಕೂಡುತ್ತಾರೆ. ಇಬ್ಬರು ಮುದುಕರು ಗೋಡೆಗೆ ಒರಗಿ ನಿದ್ದೆ ಹೋಗುತ್ತಾರೆ, ಅವರನ್ನೂ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ.

ಹಾಡು ಉಳಿಸಲು ನಾವು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಅದಕ್ಕೆ ಒಣ ಸಾಧನೆ ಎಂದು ಹೆಸರು. ದಿನಾ ಸಂಜೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸೇರಿ, ತಂತಿಗೆ ತಾಗದಂತೆ ಬೆರಳಾಡಿಸುವುದು. ಇಂದುಮತಿ ಎದುರಿಗೆ ಕೌದಿ ಸುತ್ತಿಟ್ಟುಕೊಂಡು ಅದರ ಮೇಲೆ ಬಾರಿಸುವುದು. ನಾನು ತುಟಿಯನ್ನೂ ಅಲುಗಿಸದೆ ಒಳಗೊಳಗೇ ಪೂರ್ತಿ ಹಾಡು ಹಾಡುವುದು. ಗಾಳಿಗೆ ಬಿದ್ದರೆ ತಾನೆ ಹಾಡು ಸವೆಯುವುದು? ಒಳಗಿದ್ದದ್ದು ಎಲ್ಲಿ ಹೋದೀತು ಎಂಬುದು ನಮ್ಮ ತರ್ಕ. ಕಿಟಕಿಯಿಂದ ಇಣುಕಿದ ಪಕ್ಕದ ಮನೆಯವರು ನಾವು ಮೂವರೂ ಯಾವುದೋ ಕಾಯಿಲೆಗೆ ಬಿದ್ದಿದ್ದೇವೆ ಎಂದುಕೊಂಡಿದ್ದರಂತೆ.

ನನ್ನ ಹತ್ತಿರ ಒಂದು ಹಾಡಿತ್ತು. ಉಳಿದವೂ ಹಾಡುಗಳೇ, ಆದರೆ ಇದೊಂದು ಬೇರೆ. ಮದುವೆಯಾದ ಹೊಸದರಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಮಾಡಿದ್ದು. ಆವತ್ತು ಒಂದೇ ಒಂದು ಸಲ ದನಿ ಕೊಟ್ಟು ಹಾಡಿದ್ದೆ. ಇಂದುಮತಿ ಚುರಮರಿ ಡಬ್ಬಿ ಬೋರಲು ಹಾಕಿಕೊಂಡು ಅದರ ಮೇಲೆ ಬಾರಿಸಿದ್ದಳು. 'ನೀ ಬರುವ ದಾರಿಯಲ್ಲಿ ನಾನೇ ನಿಂತಿರುವೆ' ಎಂದು ಅದರ ಮೊದಲ ಸಾಲು. ಮುಗಿಸಿದ ಕ್ಷಣವೇ ಗೊತ್ತಾಯಿತು, ಇಂಥದ್ದು ನನ್ನಿಂದ ಇನ್ನೊಂದು ಆಗುವುದಿಲ್ಲವೆಂದು. ಹಾಗಾಗಿ ಅದನ್ನು ಎತ್ತಿಟ್ಟೆ. ತಕ್ಕ ಜನ, ತಕ್ಕ ಸಂಜೆ ಸಿಗಲಿ ಎಂದು ಕಾದೆ. ಅದು ಕಾಯುವಿಕೆಯ ಕುರಿತ ಹಾಡು ಎಂದು ವಾಮನಮೂರ್ತಿಗೆ ತಿಳಿಸಿ ಹೇಳಿದ್ದೆ, ಅವನು ಹಾಡು ಕೇಳದೆಯೇ ಅದಕ್ಕೊಂದು ಉದ್ದನೆಯ ಮುನ್ನುಡಿ ಸಿದ್ಧಮಾಡಿಕೊಂಡಿದ್ದ. ಇಂದುಮತಿ ಆಗಾಗ ಕೇಳುತ್ತಿದ್ದಳು, ಅದನ್ನು ಇನ್ನೊಮ್ಮೆ ಹಾಡಬಾರದೇ ಎಂದು. ಜನ ಇನ್ನೂ ಅದಕ್ಕೆ ತಯಾರಿಲ್ಲ ಎನ್ನುತ್ತಿದ್ದೆ. ನಾ ಜನ ಅಲ್ಲೇನು ಎಂದು ಅವಳು ಒಮ್ಮೆ ಕೇಳಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಯಮನೂರನ ಬ್ಯಾಂಡಿಗೆ ಝಗಮಗ ಕಂಪನಿ ಎಂದು ಹೆಸರು. ಅವರದು ನಮಗೆ ತದ್ವಿರುದ್ಧ. ಒಂದು ಹಾಡು ಜನಕ್ಕೆ ಹಿಡಿಸಿತೋ, ಅದೇ ಸಂಜೆ ಅದನ್ನು ಮೂರು ಮೂರು ಸಲ ಹಾಡುವುದು. ಯಮನೂರ ಹತ್ತಿ ಗಾಡಿಯ ಮೇಲೆ ನಿಂತು ಬರುತ್ತಾನೆ, ಹಿಂದಿನಿಂದ ಅವನ ಹುಡುಗರು ಬಣ್ಣ ಅದ್ದಿದ ಹತ್ತಿ ತೂರುತ್ತಾರೆ, ಗಿಟಾರಿನ ಬಲ್ಬು ಹತ್ತಿ ಹತ್ತಿ ಆರುತ್ತವೆ. ಹಾಡುಗಳೋ, ದೇವರೇ ಗತಿ. ಅವುಗಳಲ್ಲಿ ಹೆಸರುವಾಸಿಯಾದದ್ದು ಪೂರಿಯ ಹಾಡು. 'ಉಬ್ಬು ಉಬ್ಬು ಪೂರಿ, ಎಣ್ಣಿ ಕಾದೈತಿ ಹಾರಿ.' ಇಷ್ಟೇ. ಇದರ ಮುಂದೆ ಅರ್ಥವಿಲ್ಲ, ಹಿಂದೆ ಅರ್ಥವಿಲ್ಲ, ವಾಮನಮೂರ್ತಿಗೆ ವಿವರಿಸಲು ಏನೂ ಇಲ್ಲ. ಆದರೂ ಊರಲ್ಲಿ ಅದು ಬಾಯಿಗೆ ಬಾರದ ಮನುಷ್ಯರಿಲ್ಲ. ನನ್ನ ಅಂಗಡಿಗೆ ಬರುವ ಗಿರಾಕಿಗಳು ಗೋಡೆಯ ಅಕ್ಷರ ಓದುತ್ತ ಓದುತ್ತ ನಡುವೆ ಅದನ್ನು ಗುನುಗಿಬಿಡುತ್ತಾರೆ, ನಾನು ಗಾಜು ಬದಲಿಸುತ್ತ ಹಲ್ಲು ಕಚ್ಚುತ್ತೇನೆ.

ನಾನು ಕಂಪೌಂಡಿನ ಹೊರಗೆ ನಿಂತು ನೋಡಿದ ಸಂಜೆ ಅವನ ಒಂದು ಹಾಡು ವೇದಿಕೆಯ ಮೇಲೆಯೇ ಮುಗಿಯಿತು. ಮಾವನ ಮೋಟಾರಿನ ಮೇಲೆ ಕಟ್ಟಿದ ಹಾಡದು. ನಡು ಸಾಲಿನಲ್ಲಿ ಯಮನೂರನ ಬಾಯಿ ಆಡುತ್ತಿದೆ, ದನಿಯಿಲ್ಲ. ಬಲ್ಬು ಹತ್ತುತ್ತಿವೆ, ಗಿಟಾರಿನ ಸದ್ದಿಲ್ಲ. ನನಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಸಂತೋಷವಾಯಿತು. ನಮ್ಮೂರಲ್ಲಿ ಹಾಡು ಮುಗಿದಾಗ ಅದನ್ನು ಒಮ್ಮೆಯಾದರೂ ಪೂರ್ತಿ ಕೇಳಿದವರು ಬಲಗೈ ಎತ್ತಿ ಸ್ವಲ್ಪ ಹೊತ್ತು ಸುಮ್ಮನಿರುವ ಸಂಪ್ರದಾಯವಿದೆ. ಹಾಡಿದವರು ಎತ್ತುವಂತಿಲ್ಲ, ಕೇಳಿದವರು ಮಾತ್ರ. ನಮ್ಮಜ್ಜಿಯ ಹಾಡು ಹೋದಾಗ ಮನೆಮಂದಿಯೆಲ್ಲ ಒಲೆಯ ಮುಂದೆ ಹಾಗೆ ಕೈ ಎತ್ತಿ ಕೂತದ್ದು ನೆನಪಿದೆ, ನಾಕೈದು ಕೈ. ಯಮನೂರ ಮಾಡಿದ್ದೇನೆಂದರೆ, ಟೊಪ್ಪಿಗೆ ತೆಗೆದು ಬಗ್ಗಿ, ಪೂರ್ತಿ ಕೇಳಿದವರು ಕೈ ಎತ್ರಿ ಎಂದು ಕೂಗಿದ. ಅಂಗಳದ ತುಂಬ ಕೈ. ಗೋಡೆ ಹತ್ತಿದವರ ಕೈ, ತಂದೆಯ ಹೆಗಲ ಮೇಲಿನ ಕೂಸುಗಳ ಕೈ. ಆಮೇಲೆ ಸಿಳ್ಳು, ಹತ್ತಿ ತೂರಾಟ, ಸತ್ತ ಹಾಡಿಗೆ ಮದುವೆಯ ಮರ್ಯಾದೆ. ನಾನೂ ಆ ಹಾಡನ್ನು ಪೂರ್ತಿ ಕೇಳಿದವನೇ, ಬೇಕೋ ಬೇಡವೋ. ನನ್ನ ಕೈಯೂ ತಾನಾಗಿ ಮೇಲೆದ್ದಿತು. ತಲೆ ಕೆರೆದುಕೊಂಡಂತೆ ಮಾಡಿ ಇಳಿಸಿದೆ.

ಅದೇ ಸಂಜೆಯ ಗದ್ದಲದಲ್ಲಿ ಅವರ ಡ್ರಮ್ಮಿನವನು ಗಾಡಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಎರಡು ದಿನ ಬಿಟ್ಟು ಯಮನೂರ ನನ್ನ ಅಂಗಡಿಗೆ ಬಂದ. ಮೈಮೇಲೆ ಲಾರಿಯ ಕೆಂಪು ಬಣ್ಣದ ಕಲೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೈ ಮುಗಿದು ನಿಂತ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಆದರೂ ಮಾತಾಡಿದ್ದು ಅಂಗಡಿಗೆ ಊಟದ ಡಬ್ಬಿ ತಂದಿದ್ದ ಇಂದುಮತಿಯ ಜೊತೆ. ಹುಡುಗನ ಕೈ ಕೂಡಿಕೊಳ್ಳುವ ತನಕ ಅಕ್ಕೋರು ನಾಕು ಐತವಾರ ಬಂದು ಬಾರಿಸಿಕೊಡಬೇಕು ಎಂದು ಕೇಳಿಕೊಂಡ. ಅವಳು ನನ್ನ ಮುಖ ನೋಡಿದಳು. ಬೇಡ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಅಂತರಾಳದವನು. ಕಲೆಗೆ ಗೋಡೆಗಳಿಲ್ಲ ಎಂದು ಹಿಂದಿನ ತಿಂಗಳಷ್ಟೇ ವೇದಿಕೆಯ ಮೇಲೆ ಹೇಳಿದ್ದೆ. ಕಲೆಗೆ ಗೋಡೆಗಳಿಲ್ಲ ಎಂದೆ. ಅವಳು ಹೂಂ ಎಂದಳು, ಸ್ವಲ್ಪ ಬೇಗನೇ ಎಂದಳು.

ಮೊದಲ ಐತವಾರ ಅವಳು ಮನೆಗೆ ಬಂದಾಗ ಜಡೆಯಲ್ಲಿ ಗುಲಾಬಿ ಬಣ್ಣದ ಹತ್ತಿ, ಕೆನ್ನೆಯ ಮೇಲೆ ಬೆಳ್ಳಿಬಣ್ಣ. ತುಂಬಾ ಹಸಿವಾಗಿದೆ ಎಂದು ಎರಡು ರೊಟ್ಟಿ ಜಾಸ್ತಿ ತಿಂದಳು. ಹೇಗಿತ್ತು ಎಂದು ಕೇಳಿದೆ. ಏನಿಲ್ಲ, ಧಡ್ ಧಡ್ ಬಡಿಯುವುದು ಅಷ್ಟೇ ಎಂದಳು, ಆದರೆ ಹೇಳುವಾಗ ಬೆರಳು ತಟ್ಟೆಯ ಅಂಚಿನ ಮೇಲೆ ಆಡುತ್ತಿತ್ತು. ನಮ್ಮ ಕಾರ್ಯಕ್ರಮ ಮುಗಿಸಿ ಬಂದಾಗ ಅವಳು ಹೀಗೆ ಉಂಡದ್ದನ್ನು ನಾನು ಕಂಡಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಏನು ಪ್ರಯೋಜನ, ಉರಿಯಿತು, ಅಷ್ಟೇ. ಅವಳ ಮೇಲಲ್ಲ. ಅವನ ಕೋಟಿನ ಮೇಲೆ, ಬೂಟಿನ ಮೇಲೆ, ಆ ಪೂರಿಯ ಮೇಲೆ. ಎರಡನೆಯ ಐತವಾರ ಕಳೆದು ಅವಳು ಒಣ ಸಾಧನೆಗೆ ಕೂತಾಗ ಕೌದಿಯ ಮೇಲೆ ಕೋಲು ಅರೆಮನಸ್ಸಿನಿಂದ ಬೀಳುವುದು ನನಗೆ ಕಂಡಿತು. ಕೌದಿಯಿಂದ ಧೂಳು ಕೂಡ ಏಳಲಿಲ್ಲ.

ಆಗ ನನಗೆ ಆ ಯೋಚನೆ ಬಂತು. ಹಾಡಿದರೆ ಹಾಡು ಸವೆಯುತ್ತದೆ. ಯಾರು ಹಾಡಿದರೂ ಸವೆಯುತ್ತದೆ. ಹಾಗಿದ್ದರೆ ಪೂರಿಯ ಹಾಡನ್ನು ನಾನೇ ಯಾಕೆ ತೀರಿಸಿಬಿಡಬಾರದು? ಊರ ಹೊರಗೆ ಕೆಲಸ ನಿಂತ ಕಲ್ಲುಕ್ವಾರಿಯೊಂದಿದೆ, ಅಲ್ಲಿ ಯಾರೂ ಸುಳಿಯುವುದಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಸೈಕಲ್ ಹತ್ತಿ ಅಲ್ಲಿಗೆ ಹೋಗಿ, ಕಲ್ಲಿನ ಗೋಡೆಗೆ ಮುಖ ಮಾಡಿ ನಿಂತು, ಉಬ್ಬು ಉಬ್ಬು ಪೂರಿ ಎಂದು ಗಂಟಲು ಹರಿಯುವಂತೆ ಹಾಡತೊಡಗಿದೆ. ದ್ವೇಷದಿಂದ ಹಾಡಿದೆ. ಬೈಗುಳದಂತೆ ಹಾಡಿದೆ. ಹಾಳಾದದ್ದು, ದ್ವೇಷದಿಂದ ಹಾಡಿದಷ್ಟೂ ಅದು ಚೆನ್ನಾಗಿಯೇ ಕೇಳುತ್ತಿತ್ತು. ಕಲ್ಲು ಅದನ್ನು ಮರಳಿ ನನಗೇ ಹಾಡಿತು. ನಾಕು ದಿನ ಕಳೆಯುವುದರೊಳಗೆ ನನ್ನ ಕಾಲು ತಾಳ ಹಾಕುತ್ತಿತ್ತು. ಹಾಡು ಮಾತ್ರ ಒಂದು ಎಳೆಯೂ ಸವೆಯಲಿಲ್ಲ.

ಒಂದು ಬೆಳಿಗ್ಗೆ ಕಣ್ಣು ಮುಚ್ಚಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಹಾಡುತ್ತಿದ್ದೆ. ಕಣ್ಣು ತೆರೆದರೆ ಎದುರಿಗೆ ಹೊಸ ಬಣ್ಣದ ಲಾರಿ, ಅದರ ಬಾಗಿಲಿಗೆ ಒರಗಿ ಯಮನೂರ. ಬಣ್ಣ ಒಣಗಲೆಂದು ಲಾರಿಯನ್ನು ಬಿಸಿಲಿಗೆ ತಂದಿದ್ದನಂತೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅವನ ಹಾಡನ್ನು ಕೊಲ್ಲಲು ಬಂದವನು ನಾನು; ಅವನ ಜಾಗದಲ್ಲಿ ನಾನಿದ್ದಿದ್ದರೆ ಕಲ್ಲು ತೆಗೆದುಕೊಳ್ಳುತ್ತಿದ್ದೆ. ಅವನ ಮುಖ ನೋಡಿದರೆ ಹಬ್ಬದೂಟಕ್ಕೆ ಕರೆದಷ್ಟು ಹಿಗ್ಗು.

"ದೋಸ್ತ, ಎಣ್ಣಿ ಅನ್ನೂ ಕಡಿ ಉಸಿರು ಬಿಡಬ್ಯಾಡ" ಎಂದ. "ಅಲ್ಲೇ ಹಿಡಿ. ಅವಾಗ ನೋಡು ಮಜಾ."

ನಾನು ಪ್ರತಿಧ್ವನಿ ಪರೀಕ್ಷೆ ಮಾಡುತ್ತಿದ್ದೆ ಎಂದು ಏನೋ ತೊದಲಿದೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಅವನಿಗಿಂತ ಚೆನ್ನಾಗಿ ಹಾಡುತ್ತೇನೆ, ಗಂಟಲು ಅಂದರೆ ಇದು, ಎಂದೆಲ್ಲ ಹೊಗಳಿದ. ನಿಜವನ್ನೇ ಹೇಳಿದ, ಆದರೂ ಅವನ ಬಾಯಿಂದ ಕೇಳಿ ನನಗೆ ಖುಷಿಯಾಗಲಿಲ್ಲ. ಇಷ್ಟೊಂದು ಹಾಡಿದರೆ ನಿನ್ನ ಹಾಡು ಮುಗಿದುಹೋದೀತು, ನಿನಗೆ ಹೆದರಿಕೆಯಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಮುಗದ್ರ ಮುಗೀಲಿ ಬಿಡೋ. ಮತ್ತೊಂದು ಮಾಡೂಣು."

ಅಷ್ಟು ಸಲೀಸು ಅವನಿಗೆ. ಆ ಮಾತಿಗೇ ನನ್ನ ಹೊಟ್ಟೆಯಲ್ಲಿ ಇನ್ನೊಂದು ಒಲೆ ಹತ್ತಿತು. ಬರುವ ಐತವಾರ ಎರಡೂ ಬ್ಯಾಂಡ್ ಸೇರಿ ಮಾಡೋಣ, ಅರ್ಧ ಸಂಜೆ ನಮ್ಮದು, ಅರ್ಧ ನಿಮ್ಮದು ಎಂದು ಅವನೇ ಕರೆದ. ನಮಗೆ ಜನ ಬರುವುದಿಲ್ಲವೆಂದು ಗೊತ್ತಿದ್ದೇ ಕರೆದಿರಬೇಕು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅದೊಂದು ಅವನ ಸೌಜನ್ಯ. ಸೌಜನ್ಯವಿಲ್ಲದ ವೈರಿ ಸಿಕ್ಕಿದ್ದರೆ ನಾನು ಎಷ್ಟೋ ಸುಖವಾಗಿರುತ್ತಿದ್ದೆ.

ಮನೆಗೆ ಬಂದು ಇಂದುಮತಿಗೆ ಹೇಳಿದೆ. ಕ್ವಾರಿಯ ಸಂಗತಿ ಬಿಟ್ಟು ಉಳಿದದ್ದು ಹೇಳಿದೆ. ಅವಳು ಸಾಧನೆಯ ಕೌದಿ ಮಡಿಸುತ್ತಿದ್ದಳು. ಯಮನೂರನ ಹುಡುಗನ ಕೈ ಸರಿಯಾಗಲು ಇನ್ನೂ ತಿಂಗಳು ಬೇಕಂತೆ, ಅವನು ಬಂದ ಮೇಲೂ ತನಗೆ ಅಲ್ಲೇ ಇರುವ ಮನಸ್ಸಿದೆ ಎಂದು ನೇರವಾಗಿ ಹೇಳಿದಳು. ಸುತ್ತುಬಳಸು ಮಾತು ಅವಳಿಗೆ ಎಂದೂ ಬಾರದು.

"ಆ ಹಾಡು ಹಾಡ್ತೀರೇನು?" ಎಂದು ಕೇಳಿದಳು. "ಐತವಾರ ಅದನ್ನ ಹಾಡಿದ್ರ ನಾ ನಿಮ್ಮ ಕಡೀನ ಕೂಡ್ತೀನಿ. ಅವತ್ತಷ್ಟ ಅಲ್ಲ, ಮುಂದನೂ. ಇಲ್ಲಂದ್ರ ಇಲ್ಲ."

ಹಾಡುತ್ತೇನೆ ಎಂದೆ. ಎಂದ ಮೇಲೆ ಮೈಯಲ್ಲಿ ಹೊಸ ಬಲ ಬಂತು. ಪೂರಿ ತಿಂದ ಬಾಯಿಗಳು ಮೊದಲ ಸಾಲಿಗೇ ಸುಮ್ಮನಾಗುವುದು, ಯಮನೂರ ಕೋಟು ತೆಗೆದು ಪಕ್ಕಕ್ಕಿಟ್ಟು ಕೂತು ಕೇಳುವುದು, ಇಂದುಮತಿ ಡ್ರಮ್ಮಿನ ಹಿಂದಿನಿಂದ ನನ್ನನ್ನು ನೋಡುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆ ವಾರವಿಡೀ ಅದೊಂದೇ ಹಾಡಿನ ಒಣ ಸಾಧನೆ. ಅಂಗಡಿಯಲ್ಲಿ ಗಾಜು ಉಜ್ಜುವಾಗ ಒಳಗೊಳಗೇ ಹಾಡಿದೆ, ಉಣ್ಣುವಾಗ ಹಾಡಿದೆ, ಗಿರಾಕಿ ಎದುರಿಗೆ ಕೂತು ಅಕ್ಷರ ಓದುವಾಗ ಹಾಡಿದೆ. ಅದೇನು ಹೊಸದಾಗಿರಲಿಲ್ಲ. ಇಷ್ಟು ವರ್ಷ ನನ್ನನ್ನು ಯಾರಾದರೂ ಕಡೆಗಣಿಸಿದಾಗಲೆಲ್ಲ, ಯಮನೂರನ ಅಂಗಳದಿಂದ ಸಿಳ್ಳು ಕೇಳಿಸಿದಾಗಲೆಲ್ಲ, ನಾನು ಆ ಹಾಡನ್ನು ಒಳಗೆ ತೆಗೆದು ಮೊದಲಿನಿಂದ ಕೊನೆಯವರೆಗೆ ಹಾಡಿಕೊಳ್ಳುತ್ತಿದ್ದೆ. ಎದುರಿಗೆ ಜನ ಅಳುತ್ತಿರುವಂತೆ ಕಲ್ಪಿಸಿಕೊಳ್ಳುತ್ತಿದ್ದೆ. ಅದೇ ನನ್ನ ಔಷಧಿಯಾಗಿತ್ತು.

ಐತವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಝಗಮಗ ಕಂಪನಿ ಮೊದಲು ಹಾಡಿತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡ ಅವರ ಹುಡುಗನೇ ಒಂದು ಕೈಯಿಂದ ಡ್ರಮ್ಸ್ ಬಾರಿಸಿದ, ಯಾಕೆಂದರೆ ಇಂದುಮತಿ ಕಪ್ಪು ಅಂಗಿ ಹಾಕಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದಳು. ತಾಳ ಅಲ್ಲಲ್ಲಿ ತಪ್ಪಿತು, ಜನ ಅದನ್ನೂ ಕುಣಿದು ಸರಿಮಾಡಿಕೊಂಡರು. ಪೂರಿಯ ಹಾಡನ್ನು ನಾಕು ಸಲ ಹಾಡಿಸಿದರು. ಪ್ರತಿ ಸಲವೂ ಈಗ ಸತ್ತೀತು, ಈಗ ಸತ್ತೀತು ಎಂದು ನಾನು ಕಾದೆ. ಕಲ್ಲುಗುಂಡಿನ ಹಾಗೆ ನಿಂತಿತ್ತು. ಆಮೇಲೆ ಯಮನೂರ ತಾನೇ ಜನರನ್ನು ಸುಮ್ಮನಾಗಿಸಿ, ನನ್ನ ದೋಸ್ತ ಹಾಡುತ್ತಾನೆ, ಗದ್ದಲ ಮಾಡಿದರೆ ನೋಡ್ರಿ ಮತ್ತೆ, ಎಂದು ಹೇಳಿ ಕೆಳಗಿಳಿದು ನೆಲದ ಮೇಲೆ ಕೂತ.

ವಾಮನಮೂರ್ತಿ ಮುನ್ನುಡಿ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಜನ ಗುಜುಗುಜು ಎನ್ನತೊಡಗಿದ್ದರಿಂದ ನಾನೇ ಅವನ ತೋಳು ಮುಟ್ಟಿ ನಿಲ್ಲಿಸಿದೆ. ಇಂದುಮತಿ ಕೋಲೆತ್ತಿ ನನ್ನ ಕಡೆ ನೋಡಿದಳು. ಹಾಗೆ ನೋಡಿ ಎಷ್ಟು ದಿನವಾಗಿತ್ತೋ. ನಾನು ತಂತಿ ಮೀಟಿ ದನಿ ತೆಗೆದೆ. ನೀ ಬರುವ ದಾರಿಯಲ್ಲಿ ನಾನೇ ನಿಂತಿರುವೆ. ಬಂತು. ಪೂರ್ತಿ ಸಾಲು ಬಂತು, ನಾನು ನೆನೆಸಿದ್ದಕ್ಕಿಂತ ಮಿಗಿಲಾಗಿ ಬಂತು. ಗುಜುಗುಜು ನಿಂತಿತು. ಮುಂದೆ ಕೂತಿದ್ದ ಒಬ್ಬ ಹೆಂಗಸು ಬಾಯಿಗೆ ಹಾಕಲಿದ್ದ ಶೇಂಗಾ ಕಾಳನ್ನು ಕೈಯಲ್ಲೇ ಹಿಡಿದುಕೊಂಡಳು. ಯಮನೂರ ಬೆನ್ನು ನೆಟ್ಟಗೆ ಮಾಡಿದ. ಎರಡನೆಯ ಸಾಲಿಗೆ ಬಾಯಿ ತೆರೆದೆ. ಗಾಳಿ ಬಂತು.

ಇನ್ನೊಮ್ಮೆ ತೆರೆದೆ. ತಂತಿಗಳು ಅಲುಗಿದವು. ಇಂದುಮತಿಯ ಕೋಲು ಡ್ರಮ್ಮಿಗೆ ಬಡಿಯಿತು, ಸದ್ದಿಲ್ಲ, ಕೌದಿಗೆ ಬಡಿದ ಹಾಗೆ. ಮೊದಲ ಸಾಲಿನ ಧಾಟಿಯಾದರೂ ಸಿಕ್ಕೀತೆಂದು ತಲೆಯೊಳಗೆ ಹುಡುಕಿದೆ. ಈಗಷ್ಟೇ ಹಾಡಿದ್ದು, ಅಲ್ಲಿಯೂ ಇರಲಿಲ್ಲ. ವಾಮನಮೂರ್ತಿ ನನ್ನ ಕಿವಿಯ ಹತ್ತಿರ ಬಂದು, ಒಣ ಸಾಧನೆಯೂ ಲೆಕ್ಕಕ್ಕೆ ಬರುತ್ತಿತ್ತೇನೋ ಮಾರಾಯ, ಎಂದ. ಆಗ ನನಗೆ ತಿಳಿಯಿತು. ಅಷ್ಟೂ ವರ್ಷ, ಅಷ್ಟೂ ಸಂಜೆ, ನನ್ನೊಳಗೆ ನಾನೇ ಹಾಡಿ, ನಾನೇ ಕೇಳಿ, ನಾನೇ ಚಪ್ಪಾಳೆ ಹೊಡೆದುಕೊಂಡು, ಹಾಡನ್ನು ಒಂದು ಸಾಲಿಗೆ ತಂದಿಟ್ಟಿದ್ದೆ. ಆ ಒಂದು ಸಾಲನ್ನು ಊರಿಗೆ ಬಡಿಸಿದ್ದೆ.

ಜನ ಯಮನೂರನ ಕಡೆ ನೋಡಿದರು. ಅವರಿಗೆ ಸತ್ತ ಹಾಡೆಂದರೆ ಸಿಳ್ಳು, ಹತ್ತಿ. ಅವನು ಎದ್ದು ನಿಂತ. ಹತ್ತಿಯ ಬುಟ್ಟಿಗೆ ಕೈ ಹಾಕಿದ್ದ ಹುಡುಗರನ್ನು ಕಣ್ಣಲ್ಲೇ ತಡೆದ. ಟೊಪ್ಪಿಗೆ ತೆಗೆದ. ಅವನ ಬಾಯಿಂದ ಅಷ್ಟು ಮೆತ್ತಗೆ ಮಾತು ಬರುವುದು ನನಗೆ ಗೊತ್ತೇ ಇರಲಿಲ್ಲ.

"ಪೂರ್ತಿ ಕೇಳಿದವರು ಕೈ ಎತ್ರಿ."

ಅಷ್ಟು ದೊಡ್ಡ ಅಂಗಳ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಪೂರ್ತಿ ಕೇಳಿರಲಿಲ್ಲ. ನಾನು ಕೇಳಿಸಿದ್ದರೆ ತಾನೆ? ವಾಮನಮೂರ್ತಿ ಕೂಡ ತಲೆ ತಗ್ಗಿಸಿದ. ನನ್ನ ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದೆ. ಇಂದುಮತಿ ಎದ್ದು ನಿಂತು ಬಲಗೈ ಎತ್ತಿದ್ದಳು. ಆ ಅಂಗಳದಲ್ಲಿ ಅದೊಂದೇ ಕೈ. ಅವಳು ಅದನ್ನು ಇಳಿಸುವ ತನಕ ಯಾರೂ ಕೆಮ್ಮಲಿಲ್ಲ.

ಮನೆಗೆ ಇಬ್ಬರೂ ನಡೆದೇ ಹೋದೆವು. ಅಂಗಡಿಗಳ ದೀಪ ಆಗಷ್ಟೇ ಹತ್ತುತ್ತಿದ್ದವು. ಹಿಂದೆ ಮಿಲ್ಲಿನ ಕಡೆಯಿಂದ ಪೂರಿಯ ಹಾಡು ಮತ್ತೆ ಶುರುವಾದದ್ದು ಕೇಳಿಸಿತು, ಜನಕ್ಕೂ ಏನಾದರೂ ಬೇಕಲ್ಲ. ನಾನು ಬೈಯಬೇಕೆಂದುಕೊಂಡೆ, ಬೈಗುಳ ಬರಲಿಲ್ಲ. ಕೋಮಟಿ ಅಂಗಡಿ ದಾಟಿದ ಮೇಲೆ ಅವಳು ಮಾತು ತೆಗೆದಳು. ಹಾಡುತ್ತೇನೆ ಎಂದು ಹಾಡಲು ನಿಂತಿರಿ, ಅದಕ್ಕೆ ಮಾತಿನಂತೆ ನಿಮ್ಮ ಕಡೆಯೇ ಇರುತ್ತೇನೆ, ಆದರೆ ಕೌದಿಯ ಮುಂದೆ ಇನ್ನು ಕೂಡುವುದಿಲ್ಲ ಎಂದಳು. ಹೊಸ ಹಾಡು ಮಾಡಿದರೆ ದನಿ ಕೊಟ್ಟು ಮಾಡಬೇಕು, ಮನೆಯಲ್ಲಿ ಕೇಳುವ ಹಾಗೆ. ನಾನು ಹೂಂ ಎಂದೆ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆ ಹಾಡನ್ನು ಜಗತ್ತಿನಲ್ಲಿ ಪೂರ್ತಿ ಕೇಳಿದವಳು ಇವಳೊಬ್ಬಳೇ. ಧಾಟಿ ಅವಳಿಂದಲೂ ಹೋಗಿರುತ್ತದೆ, ಗೊತ್ತು. ಉಳಿದದ್ದು ಏನಾದರೂ ಇರಬಹುದು. ಆವತ್ತು ಗಿರಣಿಯ ಮೇಲಿನ ಕೋಣೆಯಲ್ಲಿ ನಾನು ಹೇಗೆ ಹಾಡಿದ್ದೆ ಎಂದು ಕೇಳಿದೆ. ಕಣ್ಣೀರು ಬಂದಿತ್ತು ಎಂದಾಳು, ಮೈ ಜುಮ್ಮೆಂದಿತ್ತು ಎಂದಾಳು ಎಂದುಕೊಂಡಿದ್ದೆ.

ಅವಳು ನಡೆಯುವುದನ್ನು ನಿಲ್ಲಿಸಿದಳು.

"ನಕ್ಕೋತ ಹಾಡಿದ್ರಿ" ಎಂದಳು. "ನಡುವ ಮಾತು ಮರತು ಬಾಯಿಗೆ ಬಂದದ್ದು ಸೇರಿಸಿದ್ರಿ. ಮಂಚದ ಮ್ಯಾಲ ಹತ್ತಿ ಕುಣದ್ರಿ. ನಕ್ಕು ನಕ್ಕು ನಂಗ ಡಬ್ಬಿ ಬಾರಸಾಕ ಆಗಲಿಲ್ಲ."

ನನಗೆ ಅದು ನೆನಪಿರಲಿಲ್ಲ. ಈಗಲೂ ನೆನಪಿಲ್ಲ. ಎಷ್ಟು ಯೋಚಿಸಿದರೂ ಮಂಚದ ಮೇಲೆ ಕುಣಿಯುವ ನನ್ನನ್ನು ನನಗೆ ಕಾಣಲಾಗುವುದಿಲ್ಲ. ಆದರೆ ಹೇಳುವಾಗ ಅವಳ ಮುಖ ನೋಡಿದೆ, ಆ ಮುಖ ಯಮನೂರನ ಅಂಗಳದಿಂದ ಬಂದಾಗಲೂ ಅಷ್ಟು ಬೆಳಗಿರಲಿಲ್ಲ. ಆ ಬಾಡಿಗೆ ಕೋಣೆಯಲ್ಲಿ ಅವಳನ್ನು ಹಾಗೆ ನಗಿಸಿದ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಯಮನೂರನ ಮೇಲೆ ಎಂದೂ ಆಗದಷ್ಟು. ಯಮನೂರನಾದರೆ ಬರುವ ಐತವಾರ ಮಿಲ್ಲಿನ ಅಂಗಳದಲ್ಲಿ ಸಿಗುತ್ತಾನೆ, ಹಾಡಲು ಬರುವುದಿಲ್ಲ ಎಂದು ಅವನನ್ನು ಬೈಯಬಹುದು. ಈ ಹುಡುಗ ಚೆನ್ನಾಗಿಯೇ ಹಾಡಿದ್ದಾನೆ, ಮತ್ತು ಎಲ್ಲಿಯೂ ಸಿಗುವುದಿಲ್ಲ.